ಕಡಲು ಒಳಬಂದರೆ ಗಾಲ್ಫ್ ಮೈದಾನ ಎಲ್ಲಿಗೆ ಹೋಗಬೇಕು? ಮಾಂಟ್ರೋಸ್ ಕಡಲ್ಕೊರೆತದ ಬಗ್ಗೆ ಒಂದು ಚರ್ಚೆ

ಕಡಲಂಚು (ಚರ್ಚೆ ಆರಂಭಿಸಿದವರು)

ಸ್ಕಾಟ್ಲೆಂಡಿನ ಡಂಡೀ ನಗರಕ್ಕೆ ಬಂದು ಎಂಟು ವರ್ಷವಾದ ಮೇಲೆ, ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿಯಾದ ಮಾಂಟ್ರೋಸ್ ಎಂಬ ಸಣ್ಣ ಊರಿಗೆ ಹೋದ ತಿಂಗಳು ಮೊದಲ ಬಾರಿ ಹೋಗಿದ್ದೆ. ನಾನು ಗಾಲ್ಫ್ ಆಡುವವನಲ್ಲ. ಹೋದದ್ದು ಅಲ್ಲಿನ ಕಡಲ್ಕೊರೆತವನ್ನು ನೋಡುವುದಕ್ಕೆ. ಉಡುಪಿ ಕಡೆಯ ಕಡಲ ತಡಿಯಲ್ಲಿ ಹುಟ್ಟಿದವನಿಗೆ ಆ ಕುತೂಹಲ ಎಲ್ಲಿ ಹೋದರೂ ಬಿಡುವುದಿಲ್ಲ.

ಮಾಂಟ್ರೋಸ್‌ನಲ್ಲಿ 1562ರ ಹೊತ್ತಿಗಾಗಲೇ ಗಾಲ್ಫ್ ಆಡುತ್ತಿದ್ದರು ಎಂಬುದಕ್ಕೆ ದಾಖಲೆಯಿದೆ. ಜಗತ್ತಿನ ಅತಿ ಹಳೆಯ ಐದು ಮೈದಾನಗಳಲ್ಲಿ ಇದೂ ಒಂದು ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಮೈದಾನಕ್ಕೂ ಸಮುದ್ರಕ್ಕೂ ನಡುವೆ ಇರುವುದು ಮರಳುದಿಬ್ಬಗಳ ಒಂದು ಸಾಲು ಮಾತ್ರ. ಆ ದಿಬ್ಬದ ಸಮುದ್ರದ ಕಡೆಯ ಮೈ, ಚಾಕುವಿನಲ್ಲಿ ಕೊಯ್ದ ಹಾಲುಬಾಯಿಯಂತೆ ನೆಟ್ಟಗೆ ನಿಂತಿತ್ತು. ಮೇಲಿನ ಅಂಚಿನಿಂದ ಮ್ಯಾರಮ್ ಹುಲ್ಲಿನ ಬೇರುಗಳು ಆಳುದ್ದಕ್ಕೆ ಇಳಿಬಿದ್ದು ಗಾಳಿಗೆ ತೂಗಾಡುತ್ತಿದ್ದವು. ಕೊರೆದ ಮೈಯಿಂದ ಹಳೆಯ ನೀರಿನ ಕೊಳವೆಯೊಂದು ಮೊಳದಷ್ಟು ಹೊರಚಾಚಿತ್ತು. ಅದು ಯಾವ ಹುಲ್ಲಿಗೆ ನೀರುಣಿಸುತ್ತಿತ್ತೋ ಆ ಹುಲ್ಲು ಬೆಳೆದ ನೆಲವೇ ಈಗಿಲ್ಲ.

ಮೂರು ದಶಕಗಳಲ್ಲಿ ಇಲ್ಲಿ ಕೆಲವೆಡೆ ಸಮುದ್ರ ಸುಮಾರು 70 ಮೀಟರ್ ಒಳಗೆ ಬಂದಿದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. 2017ರಲ್ಲಿ ಮೂರನೇ ಕುಳಿಯ ಟೀಯನ್ನು, ಅಂದರೆ ಚೆಂಡನ್ನು ಮೊದಲು ಹೊಡೆಯುವ ಕಟ್ಟೆಯನ್ನು, ಕೈಬಿಟ್ಟು ಎರಡನೇ ಕುಳಿಯ ಫೇರ್‌ವೇಯನ್ನು, ಅಂದರೆ ಚೆಂಡು ಸಾಗುವ ಹುಲ್ಲಿನ ಹಾದಿಯನ್ನು, ಒಳಕ್ಕೆ ತಿರುಗಿಸಬೇಕಾಯಿತು. 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕ್ಲೈಮೇಟ್ ಕೊಯಲಿಷನ್ ಎಂಬ ಒಕ್ಕೂಟ ಕ್ರೀಡೆ ಮತ್ತು ಹವಾಮಾನದ ಕುರಿತು ಪ್ರಕಟಿಸಿದ ವರದಿ ಮಾಂಟ್ರೋಸನ್ನೇ ಮುಂದಿಟ್ಟುಕೊಂಡು, ಸಮುದ್ರಮಟ್ಟ ಸ್ವಲ್ಪವೇ ಏರಿದರೂ ಈ ಶತಮಾನ ಮುಗಿಯುವುದರೊಳಗೆ ಜಗತ್ತಿನ ಎಲ್ಲ ಲಿಂಕ್ಸ್ ಮೈದಾನಗಳೂ, ಅಂದರೆ ಕಡಲಂಚಿನ ಮರಳುನೆಲದ ಗಾಲ್ಫ್ ಮೈದಾನಗಳೂ, ಅಪಾಯಕ್ಕೆ ಸಿಲುಕುತ್ತವೆ ಎಂದು ಎಚ್ಚರಿಸಿತು. 2023ರ ಅಕ್ಟೋಬರಿನಲ್ಲಿ ಬಾಬೆಟ್ ಚಂಡಮಾರುತ ಬಂದು ದಿಬ್ಬವನ್ನು ಮತ್ತಷ್ಟು ಕೊಯ್ದುಕೊಂಡು ಹೋಯಿತು.

ಇದನ್ನೆಲ್ಲ ನೋಡಿ ಬಂದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಲಿಂಕ್ಸ್ ಮೈದಾನವೆಂದರೆ ಅಲೆದಾಡುವ ಮರಳು. ಅದನ್ನು ಕಲ್ಲು ಹಾಕಿ ಒಂದೆಡೆ ನಿಲ್ಲಿಸಲು ಹೊರಟರೆ ಉಳಿಯುವುದು ಮೈದಾನವಲ್ಲ, ಕಲ್ಲು ಮಾತ್ರ. ಹಿಂದೆ ಸರಿಯುವುದೇ ಅದರ ಸಹಜ ಗುಣ. ಹವಾಮಾನ ಬದಲಾವಣೆ ಆ ಸರಿಯುವಿಕೆಯ ವೇಗವನ್ನು ಹೆಚ್ಚಿಸಿದೆ, ನಾವು ಸರಿಯಲು ಬೇಕಾದ ಜಾಗವನ್ನು ತಿಂದುಹಾಕಿದ್ದೇವೆ. ಇದರ ಬಗ್ಗೆ ತಿಳಿದವರು ದಯವಿಟ್ಟು ಬರೆಯಬೇಕೆಂದು ಕೋರುತ್ತೇನೆ.

ಹದಿನೆಂಟು ಕುಳಿ

ಕಡಲಂಚು ಅವರಿಗೆ ವಂದನೆಗಳು. ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷಗಳಿಂದ ಆಡುತ್ತಿದ್ದೇನೆ. ‘ಲಿಂಕ್ಸ್’ ಎಂಬ ಪದವನ್ನು ನಮ್ಮ ದೇಶದಲ್ಲಿ ಯಾವ ಮೈದಾನಕ್ಕಾದರೂ ಅಂಟಿಸುವ ರೂಢಿಯಿದೆ. ಸಮುದ್ರದ ಸುಳಿವೇ ಇಲ್ಲದ ದೆಹಲಿಯಲ್ಲಿ ‘ಗಾಲ್ಫ್ ಲಿಂಕ್ಸ್’ ಎಂಬ ಬಡಾವಣೆಯೇ ಇದೆ. ಆದ್ದರಿಂದ ಇತರ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ದಿಣ್ಣೆ, ಏರು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದ ಈ ಹೆಸರು, ಕಡಲಿಗೂ ಉಳುವ ಹೊಲಕ್ಕೂ ನಡುವೆ ಇರುವ, ಬೇಸಾಯಕ್ಕೆ ಬಾರದ ಮರಳುನೆಲಕ್ಕೆ ಮಾತ್ರ ಸಲ್ಲುತ್ತದೆ. ನಮ್ಮ ಗೋಮಾಳದಂತೆ ಅದು ಊರವರೆಲ್ಲ ಕುರಿ ಮೇಯಿಸುವ ಜಾಗವಾಗಿತ್ತು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಮಲಗಿ ಮಲಗಿ ಮಾಡಿದ ತಗ್ಗುಗಳೇ ಮುಂದೆ ಬಂಕರುಗಳೆಂಬ ಮರಳುಗುಂಡಿಗಳಾದವು ಎಂಬ ಪ್ರತೀತಿಯೂ ಇದೆ. ಲೆಕ್ಕ ಹಾಕುವವರ ಪ್ರಕಾರ ಜಗತ್ತಿನಲ್ಲಿ ನಿಜವಾದ ಲಿಂಕ್ಸ್ ಮೈದಾನಗಳಿರುವುದು ಸುಮಾರು 250. ಅವುಗಳಲ್ಲಿ ಬಹುಪಾಲು ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಇವೆ.

ಆದರೆ ನಿಮ್ಮ ಮುಖ್ಯ ಮಾತನ್ನು ನಾನು ಒಪ್ಪಲಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಲಿಂಕ್ಸ್ ಮೈದಾನವಾದ ಓಲ್ಡ್ ಕೋರ್ಸಿನ ಹದಿನೇಳನೇ ಕುಳಿಯನ್ನೋ, ಹದಿನೆಂಟನೇ ಕುಳಿಯ ಸ್ವಿಲ್ಕನ್ ಕಾಲುಸೇತುವೆಯನ್ನೋ ‘ಹಿಂದೆ ಸರಿಸಿ’ ಎಂದು ಹೇಳುವುದು, ಹಂಪಿಯ ವಿಠ್ಠಲ ದೇವಸ್ಥಾನವನ್ನು ಪಕ್ಕದ ಗುಡ್ಡಕ್ಕೆ ಸಾಗಿಸಿ ಎಂದಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ. ಅಂತಹ ಕಡೆ ಕಲ್ಲು ಹಾಕದೆ ಬೇರೆ ದಾರಿಯೇನಿದೆ?

ಸಂಶಯಿ

ಇಬ್ಬರ ಮಾತನ್ನೂ ಓದಿದೆ. ನನ್ನ ಪ್ರಶ್ನೆ ಇನ್ನೂ ಹಿಂದಿನದು. ಮರಳುತೀರ ಕೊರೆಯುವುದೂ ತುಂಬುವುದೂ ಅನಾದಿ ಕಾಲದಿಂದ ನಡೆದುಬಂದದ್ದು. ಮಾಂಟ್ರೋಸ್‌ನಲ್ಲಿ ಪಕ್ಕದ ಬಂದರಿನ ಹೂಳೆತ್ತುವ ಕೆಲಸದಿಂದಲೇ ಮರಳು ಕಡಿಮೆಯಾಗುತ್ತಿದೆ ಎಂದು ಗಾಲ್ಫ್ ಆಡುವವರೇ ದೂರುತ್ತ ಬಂದಿದ್ದಾರಲ್ಲವೆ? ಕೈಗೆ ಸಿಕ್ಕಿದ್ದಕ್ಕೆಲ್ಲ ಹವಾಮಾನ ಬದಲಾವಣೆಯ ಚೀಟಿ ಹಚ್ಚುವುದು ಈಚೆಗೆ ಒಂದು ಸುಲಭದ ಅಭ್ಯಾಸವಾಗಿದೆ. ಅದೂ ಅಲ್ಲದೆ, ಹಿಮಯುಗದ ಭಾರ ಇಳಿದ ಮೇಲೆ ಸ್ಕಾಟ್ಲೆಂಡಿನ ನೆಲ ಇವತ್ತಿಗೂ ಮೇಲೇಳುತ್ತಿದೆ ಎಂದು ಓದಿದ್ದೇನೆ. ನೆಲವೇ ಏಳುತ್ತಿದ್ದರೆ ಸಮುದ್ರ ಒಳಗೆ ಬರುವುದು ಹೇಗೆ?

ಭೂರಚನೆ

ಸಂಶಯಿ ಅವರ ಪ್ರಶ್ನೆ ಸರಿಯಾಗಿದೆ, ಅವರು ಓದಿದ್ದೂ ನಿಜ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಓದುಗರು ಸಹಿಸಿಕೊಳ್ಳಬೇಕು.

ಸ್ಕಾಟ್ಲೆಂಡಿನ ಮೇಲೆ ಸಾವಿರಾರು ವರ್ಷ ಕುಳಿತಿದ್ದ ಮಂಜುಗಡ್ಡೆ ಕರಗಿದಾಗ ಎರಡು ಕೆಲಸ ನಡೆದವು. ಒಂದು, ಹಿಮನದಿಗಳು ಅರೆದು ತಂದಿದ್ದ ಅಪಾರ ಮರಳು ಸಮುದ್ರದ ತಳಕ್ಕೆ ಸೇರಿತು. ಮತ್ತೊಂದು, ಭಾರ ಕಳೆದುಕೊಂಡ ನೆಲ ಮೆಲ್ಲಗೆ ಮೇಲೇಳತೊಡಗಿತು. ಸುಮಾರು 6,500 ವರ್ಷಗಳ ಹಿಂದೆ ಅಲ್ಲಿನ ಸಮುದ್ರ ಇಂದಿಗಿಂತ ಮೇಲಿನ ಮಟ್ಟದಲ್ಲಿತ್ತು. ನೆಲ ಏಳುತ್ತ ಹೋದಂತೆ ಅದು ಹಿಂದೆ ಸರಿದು, ಬಯಲಾದ ಮರಳನ್ನು ಗಾಳಿ ಒಳಕ್ಕೆ ತೂರಿ, ದಿಬ್ಬಗಳಾಗಿ ಕಟ್ಟಿತು. ಲಿಂಕ್ಸ್ ನೆಲದ ಹುಟ್ಟು ಇದು. ಅಂದರೆ ಸಮುದ್ರ ಹಿಂದೆ ಹೋದದ್ದರಿಂದ ಹುಟ್ಟಿದ ನೆಲವದು. ಸಮುದ್ರ ಮುಂದೆ ಬರತೊಡಗಿದರೆ ಅದರ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ.

ಇವತ್ತು ಆ ನೆಲ ಏಳುವ ವೇಗ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದೆ. ಜಾಗತಿಕ ಸಮುದ್ರಮಟ್ಟ 2006ರಿಂದ 2018ರ ನಡುವೆ ಏರಿದ್ದು ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್. ಹಿಂದೆ ನೆಲ ಗೆಲ್ಲುತ್ತಿದ್ದ ಓಟವನ್ನು ಈಗ ಕಡಲು ಗೆಲ್ಲುತ್ತಿದೆ. 1901ರಿಂದ 2018ರವರೆಗೆ ಸಮುದ್ರ ಏರಿದ್ದು ಸುಮಾರು 20 ಸೆಂಟಿಮೀಟರ್. 2100ರ ಹೊತ್ತಿಗೆ, ಇಂಗಾಲದ ಹೊಗೆಯನ್ನು ಬೇಗನೆ ಇಳಿಸಿದರೂ 28ರಿಂದ 55 ಸೆಂಟಿಮೀಟರ್, ಅತಿ ಹೆಚ್ಚಾಗಲು ಬಿಟ್ಟರೆ 63ರಿಂದ 101 ಸೆಂಟಿಮೀಟರ್ ಏರಬಹುದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಅಂದಾಜಿಸಿದೆ. ಇಪ್ಪತ್ತು ಸೆಂಟಿಮೀಟರ್ ಎಂದರೆ ಒಂದು ಗೇಣಿಗಿಂತ ಹೆಚ್ಚಿಲ್ಲ ಎನ್ನಿಸಬಹುದು. ಆದರೆ ಹುಣ್ಣಿಮೆಯ ಉಬ್ಬರದ ದಿನವೇ ಬಿರುಗಾಳಿ ಬಂದಾಗ, ಮೊದಲು ದಿಬ್ಬದ ಬುಡವನ್ನು ಮುಟ್ಟದೆ ಹಿಂದಿರುಗುತ್ತಿದ್ದ ಅಲೆಯನ್ನು ಆ ಗೇಣೇ ಬುಡಕ್ಕೆ ತಲುಪಿಸುತ್ತದೆ.

ಬಂದರಿನ ಹೂಳೆತ್ತುವಿಕೆಯ ವಿಷಯ: ಮರಳಿನ ಲೆಕ್ಕದಲ್ಲಿ ಅದಕ್ಕೂ ಒಂದು ಪಾಲು ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಹಿಮಯುಗ ಕೊಟ್ಟ ಮರಳು ಪಿತ್ರಾರ್ಜಿತ ಆಸ್ತಿಯಿದ್ದಂತೆ. ಹೊಸದಾಗಿ ಬರುವ ವರಮಾನ ಬಹಳ ಕಡಿಮೆ. ಆಸ್ತಿ ಕರಗುತ್ತಿರುವಾಗ ಯಾರು ಎಷ್ಟು ತೆಗೆದರು ಎಂಬ ಜಗಳ ಹುಟ್ಟುವುದು ಸಹಜ. ಆದರೆ ಬಂದರೇ ಇಲ್ಲದ ತೀರಗಳೂ ಕೊರೆಯುತ್ತಿವೆ. ಸ್ಕಾಟ್ಲೆಂಡಿನ ಕರಾವಳಿಯನ್ನು ಹಳೆಯ ಭೂಪಟಗಳ ಜೊತೆ ಹೋಲಿಸಿ ನೋಡುವ ‘ಡೈನಮಿಕ್ ಕೋಸ್ಟ್’ ಯೋಜನೆಯ 2021ರ ವರದಿಯ ಪ್ರಕಾರ, ಅಲ್ಲಿನ ಮೆದು ತೀರದಲ್ಲಿ ಶೇ. 46ರಷ್ಟು ಕೊರೆತಕ್ಕೆ ಒಳಗಾಗಿದೆ.

ಸಂಶಯಿ

ಭೂರಚನೆ ಅವರೇ, ಧನ್ಯವಾದ. ನೆಲ ಏಳುವ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಬಂದರಿನ ಮಾತನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ.

ಉಳ್ಳಾಲದವ

ಕಲ್ಲಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಳೆಗಾಲ ಬಂತೆಂದರೆ ಲಾರಿಗಟ್ಟಲೆ ಕಲ್ಲು ಬರುತ್ತದೆ, ಮುಂದಿನ ಮಳೆಗಾಲಕ್ಕೆ ಆ ಕಲ್ಲು ಮರಳೊಳಗೆ ಇಳಿದಿರುತ್ತದೆ. ಅಳಿವೆಬಾಗಿಲಿನಲ್ಲಿ ದೋಣಿಗಳ ಅನುಕೂಲಕ್ಕೆಂದು ಉದ್ದದ ಕಲ್ಲುದಂಡೆ ಕಟ್ಟಿದ ಮೇಲೆ ತೆಂಕಣ ದಿಕ್ಕಿನ ನಮ್ಮ ತೀರ ಕೊರೆಯುವುದು ಹೆಚ್ಚಾಯಿತೆಂದು ಹಿರಿಯರು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಇಷ್ಟು: ಕಲ್ಲಿನ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಐವತ್ತು ಮೀಟರಿನಲ್ಲಿ ತೆಂಗಿನ ಮರಗಳು ಮೊದಲು ಉರುಳುತ್ತವೆ. ಗೋಡೆ ಇದ್ದವನ ಮನೆ ಉಳಿಯಿತು, ಪಕ್ಕದವನ ಅಂಗಳ ಹೋಯಿತು. ಅವನು ಮುಂದಿನ ವರ್ಷ ಕಲ್ಲು ಕೇಳುತ್ತಾನೆ. ಹೀಗೆ ಗೋಡೆ ತಾನೇ ಬೆಳೆಯುತ್ತ ಹೋಗುತ್ತದೆ. ಈಚೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕಡಲೊಳಗೇ ತಡೆದಿಬ್ಬ ಕಟ್ಟಿ ಅಲೆಯ ಜೋರನ್ನು ಮೊದಲೇ ಮುರಿಯುವ ಕೆಲಸವನ್ನೂ ಮಾಡಿದ್ದಾರೆ.

ಸ್ಕಾಟ್ಲೆಂಡಿನಲ್ಲಿ ಆಟದ ಮೈದಾನಕ್ಕಾಗಿ ಇಷ್ಟು ಚಿಂತೆ ಮಾಡುತ್ತಾರೆಂದು ಓದಿದಾಗ, ಸತ್ಯ ಹೇಳುವುದಾದರೆ, ಸ್ವಲ್ಪ ನಗು ಬಂತು. ಹಣವಂತರ ಆಟ ನಿಂತರೆ ಯಾರ ಒಲೆ ಆರುತ್ತದೆ?

ಹಸಿರುಹುಲ್ಲು

ಉಳ್ಳಾಲದವರ ನಗು ನನಗೆ ಅರ್ಥವಾಗುತ್ತದೆ. ನಾನು ಐರ್ಲೆಂಡಿನ ಪಶ್ಚಿಮ ತೀರದ ಒಂದು ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹಣವಂತರ ಆಟ ಎಂಬ ಮಾತಿಗೆ ಇಲ್ಲಿ ಹತ್ತಿರದಲ್ಲೇ ಒಳ್ಳೆಯ ಉದಾಹರಣೆ ಇದೆ, ಅದನ್ನು ಹೇಳಿಬಿಡುತ್ತೇನೆ.

ಕ್ಲೇರ್ ಕೌಂಟಿಯ ಡೂನ್‌ಬೆಗ್ ಎಂಬಲ್ಲಿ 2002ರಲ್ಲಿ ಆರಂಭವಾದ ಲಿಂಕ್ಸ್ ಮೈದಾನವೊಂದಿದೆ. 2013–14ರ ಚಳಿಗಾಲದ ಬಿರುಗಾಳಿಗಳು ಅದರ ದಿಬ್ಬಗಳನ್ನು ಕೊಚ್ಚಿದ ಬೆನ್ನಲ್ಲೇ, 2014ರಲ್ಲಿ ಡೊನಾಲ್ಡ್ ಟ್ರಂಪ್ ಅದನ್ನು ಕೊಂಡರು. ತೀರದುದ್ದಕ್ಕೆ 2.8 ಕಿಲೋಮೀಟರ್ ಉದ್ದದ, ಸುಮಾರು ಎರಡು ಲಕ್ಷ ಟನ್ ಕಲ್ಲಿನ ಗೋಡೆ ಕಟ್ಟಲು ಅವರ ಸಂಸ್ಥೆ ಅನುಮತಿ ಕೇಳಿತು. ಜಾಗತಿಕ ತಾಪಮಾನ ಏರಿಕೆಯನ್ನು ಚೀನಾದವರು ಹುಟ್ಟುಹಾಕಿದ ಕಥೆಯೆಂದು 2012ರಲ್ಲಿ ಟ್ವೀಟ್ ಮಾಡಿದ್ದವರ ಸಂಸ್ಥೆಯೇ, 2016ರ ಅರ್ಜಿಯಲ್ಲಿ ಗೋಡೆಗೆ ಕಾರಣವಾಗಿ ಅದೇ ತಾಪಮಾನ ಏರಿಕೆಯನ್ನು ಉಲ್ಲೇಖಿಸಿತ್ತು. ಸಂಶಯಿ ಅವರು ಇದನ್ನು ಗಮನಿಸಬೇಕು: ಸಂಶಯವೂ ಸಾಲದ ಬಡ್ಡಿ ಕಟ್ಟುವ ದಿನ ಬಂದಾಗ ಮಾತು ಬದಲಿಸುತ್ತದೆ.

ಅಲೆಯ ಮೇಲೆ ಸವಾರಿ ಮಾಡುವ ಸರ್ಫಿಂಗ್‌ನವರೂ ಪರಿಸರ ಸಂಘಟನೆಗಳೂ ವಿರೋಧಿಸಿದವು. ಆ ದಿಬ್ಬಗಳಲ್ಲಿ ಎರಡು ಮಿಲಿಮೀಟರ್ ಕೂಡ ಇಲ್ಲದ, ಕಾನೂನಿನ ರಕ್ಷಣೆಯುಳ್ಳ ಒಂದು ಬಸವನಹುಳು ವಾಸಿಸುತ್ತದೆ. ದೊಡ್ಡ ಗೋಡೆಯ ಅರ್ಜಿಯನ್ನು ಹಿಂತೆಗೆದು ಎರಡು ಚಿಕ್ಕ ಗೋಡೆಗಳಿಗೆ ಅರ್ಜಿ ಹಾಕಿದರು. 2017ರ ಡಿಸೆಂಬರಿನಲ್ಲಿ ಕೌಂಟಿ ಆಡಳಿತ ಒಪ್ಪಿತು. ಮೇಲ್ಮನವಿಯಲ್ಲಿ 2020ರ ಮಾರ್ಚಿನಲ್ಲಿ ರಾಷ್ಟ್ರೀಯ ಯೋಜನಾ ಮಂಡಳಿ ತಿರಸ್ಕರಿಸಿತು. ಉಳ್ಳಾಲದವರು ಹೇಳಿದ ‘ಗೋಡೆ ಮುಗಿಯುವ ಜಾಗ’ದ ಭಯವೇ ಅಲ್ಲಿಯೂ ಇದ್ದದ್ದು. ಗೋಡೆಗೆ ಬಡಿದ ಅಲೆ ಎದುರಿನ ಮರಳನ್ನು ಹೊತ್ತೊಯ್ಯುತ್ತದೆ, ದಿಬ್ಬಕ್ಕೂ ಕಡಲತಡಿಗೂ ನಡುವಿನ ಮರಳಿನ ಕೊಡುಕೊಳ್ಳುವಿಕೆ ನಿಲ್ಲುತ್ತದೆ, ಕ್ರಮೇಣ ತಡಿಯೇ ಇಲ್ಲವಾಗುತ್ತದೆ.

ಇನ್ನು ಕೆಲಸದ ಮಾತು. ಲಿಂಕ್ಸ್‌ನ ಫೆಸ್ಕ್ಯೂ ಹುಲ್ಲು ಬಡವರ ಮನೆಯ ಮಗುವಿನಂತೆ. ಕಡಿಮೆ ನೀರು, ಕಡಿಮೆ ಗೊಬ್ಬರದಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ. ಆದರೆ ಉಪ್ಪುನೀರು ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನಯವಾದ ಹುಲ್ಲುಹಾಸಿನ, ಮೇಲೆ ನಿಂತುಬಿಟ್ಟರೆ ನಮಗೆ ಪರದಾಟ. ಮಣ್ಣಿಗೆ ಜಿಪ್ಸಮ್ ಹರಡಿ, ಸಿಹಿನೀರು ಹಾಯಿಸಿ ಹಾಯಿಸಿ ಉಪ್ಪನ್ನು ಕೆಳಕ್ಕೆ ತೊಳೆದಿಳಿಸಬೇಕು. ಒಂದು ಬಾರಿ ಬಂದರೆ ಹೀಗೆ ಸುಧಾರಿಸಬಹುದು. ಪ್ರತಿ ಚಳಿಗಾಲಕ್ಕೂ ಬರತೊಡಗಿದರೆ ಹುಲ್ಲಿನ ಜಾತಿಯೇ ಬದಲಾಗುತ್ತದೆ. ಆಟದ ನಿಯಮಗಳನ್ನು ರೂಪಿಸುವ ಆರ್ ಆಂಡ್ ಎ ಸಂಸ್ಥೆ 2018ರಲ್ಲಿ ‘ಗಾಲ್ಫ್ ಕೋರ್ಸ್ 2030’ ಎಂಬ ಯೋಜನೆ ಆರಂಭಿಸಿದ್ದು ಇಂಥ ತೊಂದರೆಗಳಿಗಾಗಿಯೇ.

ಕಡಲಂಚು

ಎಲ್ಲರಿಗೂ ಕೃತಜ್ಞತೆಗಳು. ಹದಿನೆಂಟು ಕುಳಿ ಅವರು ಎತ್ತಿದ ಸೇಂಟ್ ಆಂಡ್ರೂಸ್ ಪ್ರಶ್ನೆಗೆ ಮೊದಲು ಬರುತ್ತೇನೆ, ಏಕೆಂದರೆ ಕಲ್ಲಲ್ಲದ ದಾರಿ ಅಲ್ಲೇ ಇದೆ. 2010ರ ಮಾರ್ಚಿನ ಬಿರುಗಾಳಿಯಲ್ಲಿ ಅಲ್ಲಿನ ವೆಸ್ಟ್ ಸ್ಯಾಂಡ್ಸ್ ತೀರದ ದಿಬ್ಬಗಳು ಕೆಲವೆಡೆ ಒಡೆದವು. ಆಮೇಲೆ ಅವರು ಮಾಡಿದ್ದು ಬಹಳ ಸರಳ. ತೀರದ ತುದಿಯಲ್ಲಿ, ಈಡನ್ ನದಿಯ ಅಳಿವೆಯ ಬಳಿ, ಮರಳು ತಾನಾಗಿ ಗುಡ್ಡೆ ಬೀಳುವ ಔಟ್ ಹೆಡ್ ಎಂಬ ಜಾಗವಿದೆ. ಅಲ್ಲಿಂದ ಟ್ರೇಲರುಗಳಲ್ಲಿ ಮರಳು ತಂದು ಒಡೆದ ಕಡೆ ಸುರಿದು, ಅದರ ಮೇಲೆ ಮ್ಯಾರಮ್ ಹುಲ್ಲನ್ನು ಸ್ವಯಂಸೇವಕರ ಕೈಯಲ್ಲಿ ನೆಡಿಸಿದರು. ಈ ಹುಲ್ಲಿನ ಸ್ವಭಾವವೇ ಸೋಜಿಗದ್ದು. ಮರಳು ಮುಚ್ಚಿದಷ್ಟೂ ಅದಕ್ಕೆ ಹುರುಪು, ಮುಚ್ಚಿದ್ದರ ಮೇಲೆ ಮತ್ತೆ ಚಿಗುರುತ್ತದೆ. ಮರಳು ಬರುವುದು ನಿಂತರೆ ಸೊರಗುತ್ತದೆ. ನಮ್ಮ ಕಡೆ ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ. ಅದರ ಬೆಲೆ ಇಲ್ಲಿನವರಿಗೆ ಹಳೆಯ ಕಾಲದಿಂದಲೂ ಗೊತ್ತು: ಕಲ್ಬಿನ್ ಎಂಬಲ್ಲಿ 1694ರಲ್ಲಿ ಮರಳು ನುಗ್ಗಿ ಹೊಲಮನೆಗಳನ್ನು ಹೂತುಹಾಕಿದ ಮರುವರ್ಷವೇ, ದಿಬ್ಬದ ಹುಲ್ಲು ಕೀಳಬಾರದೆಂದು ಸ್ಕಾಟಿಷ್ ಸಂಸತ್ತು ಕಾನೂನು ಮಾಡಿತ್ತು.

ಇಂಗ್ಲೆಂಡಿನ ಲ್ಯಾಂಕಷೈರ್ ಕಡೆ, ಸೇಂಟ್ ಆನ್ಸ್ ತೀರದಲ್ಲಿ, ಕ್ರಿಸ್ಮಸ್ ಮುಗಿದ ಮೇಲೆ ಜನ ಎಸೆಯುವ ಮರಗಳನ್ನು ಸಾಲಾಗಿ ಮರಳಲ್ಲಿ ಹೂಳುತ್ತಾರೆ. ಗಾಳಿ ತಂದ ಮರಳು ಆ ಕೊಂಬೆಗಳಿಗೆ ಸಿಕ್ಕಿ ಅಲ್ಲೇ ದಿಬ್ಬ ಕಟ್ಟುತ್ತದೆ.

ಆದರೆ ಇವೆಲ್ಲ ಸಮಯವನ್ನು ಕೊಳ್ಳುವ ಉಪಾಯಗಳೇ ಹೊರತು ಸಮುದ್ರವನ್ನು ನಿಲ್ಲಿಸುವಂಥವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಡೆವನ್‌ನ ವೆಸ್ಟ್‌ವರ್ಡ್ ಹೋ ಎಂಬಲ್ಲಿ 1864ರ ರಾಯಲ್ ನಾರ್ತ್ ಡೆವನ್ ಮೈದಾನವಿದೆ, ಇಂಗ್ಲೆಂಡಿನಲ್ಲೇ ಅತಿ ಹಳೆಯ ಲಿಂಕ್ಸ್. ಅದನ್ನು ಕಾಯುವುದು ಉರುಟುಕಲ್ಲುಗಳ ಒಂದು ಸಹಜ ದಂಡೆ. ಮೈದಾನವಿರುವ ಗೋಮಾಳದ ಹಕ್ಕುದಾರರನ್ನು ‘ಪಾಟ್‌ವಾಲಪರ್’ ಎನ್ನುತ್ತಾರೆ. ಸ್ವಂತ ಒಲೆಯ ಮೇಲೆ ಮಡಕೆ ಕುದಿಸುವವರು ಎಂದರ್ಥ. ಉಳ್ಳಾಲದವರು ಒಲೆಯ ಮಾತೆತ್ತಿದಾಗ ನನಗೆ ನೆನಪಾದದ್ದು ಇವರೇ. ವರ್ಷಕ್ಕೊಮ್ಮೆ ಅವರೆಲ್ಲ ಸೇರಿ, ಅಲೆಗೆ ಒಳಕ್ಕೆ ಉರುಳಿಬಂದ ಕಲ್ಲುಗಳನ್ನು ಕೈಯಿಂದ ದಂಡೆಯ ಮೇಲಕ್ಕೆ ಎಸೆಯುವ ಸಂಪ್ರದಾಯವಿತ್ತು. ಆದರೂ ದಂಡೆ ಒಳಕ್ಕೆ ಸರಿಯುತ್ತಲೇ ಇದೆ. ಇವತ್ತಿಗೂ ಅಲ್ಲಿ ಆಟದ ನಡುವೆ ಕುರಿ, ಕುದುರೆಗಳು ಮೇಯುತ್ತವೆ.

ಹಣವಂತರ ಆಟ ಎಂಬುದು ಡೂನ್‌ಬೆಗ್‌ಗೆ ಸರಿ, ಎಲ್ಲೆಡೆಗೂ ಅಲ್ಲ. ಸೇಂಟ್ ಆಂಡ್ರೂಸ್ ಸಾರ್ವಜನಿಕರ ಆಸ್ತಿ. ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಭಾನುವಾರ ಆಟವಿಲ್ಲ, ಊರಿನವರು ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ. ಮಾಂಟ್ರೋಸ್ ವಿಷಯದಲ್ಲಂತೂ ಆಟಕ್ಕಿಂತ ದೊಡ್ಡದು ಬೇರೆಯೇ ಇದೆ. ಆ ಊರಿನ ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಉಬ್ಬರದ ನೀರು ತುಂಬಿ ಇಳಿಯುವ ಮಾಂಟ್ರೋಸ್ ಬೇಸಿನ್ ಎಂಬ ವಿಶಾಲ ಹಿನ್ನೀರು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಇರುವ ನಮ್ಮ ಮರವಂತೆಯನ್ನು ನೆನಪಿಸಿಕೊಂಡರೆ ಅದರ ಸ್ಥಿತಿ ತಿಳಿಯುತ್ತದೆ. ಮೈದಾನದ ದಿಬ್ಬ ಒಡೆದರೆ ನೀರು ಹೋಗುವುದು ಹದಿನೆಂಟನೇ ಕುಳಿಗಲ್ಲ, ತಗ್ಗಿನ ಮನೆಗಳಿಗೆ. ಗಾಲ್ಫ್ ಆಡುವವರು ದಿಬ್ಬವನ್ನು ಕಾಯುತ್ತಿರುವುದರಿಂದ ಊರೂ ಇಷ್ಟು ದಿನ ಬಚಾವಾಗಿದೆ.

ಹದಿನೆಂಟು ಕುಳಿ

ಹಂಪಿಯ ಹೋಲಿಕೆ ಸರಿಹೊಂದಲಿಲ್ಲವೆಂದು ಈಗ ಅನ್ನಿಸುತ್ತಿದೆ. ದೇವಸ್ಥಾನ ಕಲ್ಲು, ಇದು ಮರಳು. ಓಲ್ಡ್ ಕೋರ್ಸನ್ನೂ ಶತಮಾನಗಳಲ್ಲಿ ಎಷ್ಟೋ ಬಾರಿ ತಿದ್ದಿದ್ದಾರೆ. ಒಂದು ಕಾಲದಲ್ಲಿ ಅಲ್ಲಿ ಒಂದು ಸುತ್ತಿಗೆ ಇಪ್ಪತ್ತೆರಡು ಕುಳಿಗಳಿದ್ದವು, 1764ರಲ್ಲಿ ಹದಿನೆಂಟಕ್ಕೆ ಇಳಿಸಿದರು. ಆದರೂ ಮಾಂಟ್ರೋಸ್‌ನ ಎರಡನೇ ಕುಳಿಯಿಂದ ಸಮುದ್ರ ಕಾಣುತ್ತಿರುವಾಗಲೇ ಒಮ್ಮೆ ಆಡಬೇಕೆಂಬ ಆಸೆಯನ್ನು ಬಿಡಲಾರೆ.

ಉಳ್ಳಾಲದವ

ಮರವಂತೆಯ ಹೋಲಿಕೆಯಿಂದ ನನ್ನ ನಗು ಅರ್ಧಕ್ಕೆ ನಿಂತಿತು. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಮೈದಾನಕ್ಕೆ ಒಂದು ಟೀಯನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಕಟ್ಟುವಷ್ಟು ಜಾಗ ಹಿಂದೆ ಇದೆ. ನಮ್ಮಲ್ಲಿ ಮನೆಯ ಹಿಂದೆ ಇರುವುದು ಇನ್ನೊಬ್ಬರ ಮನೆ. ಕಡಲಂಚು ಅವರೇ, ನೀವು ಮುಂದಿನ ಸಲ ಊರಿಗೆ ಬಂದಾಗ ಇತ್ತ ಕಡೆಯೂ ಬನ್ನಿ, ಗೋಡೆ ಮುಗಿಯುವ ಜಾಗವನ್ನು ತೋರಿಸುತ್ತೇನೆ.

ಭೂರಚನೆ

ಕಡಲಂಚು ಅವರಲ್ಲಿ ಒಂದು ವಿನಂತಿ. ಮತ್ತೆ ಮಾಂಟ್ರೋಸ್‌ಗೆ ಹೋದರೆ ಅಳತೆ ಮಾಡಿ ಬನ್ನಿ. ಹುಲ್ಲಿನ ಅಂಚಿನಿಂದಲೋ ಕಾಲುದಾರಿಯಿಂದಲೋ ಅಳೆಯಬೇಡಿ, ಅವೂ ಸರಿಯುತ್ತವೆ. ಯಾವುದಾದರೂ ಕಟ್ಟಡದ ಮೂಲೆಯಿಂದ ಶುರುಮಾಡಿ, ಅದೇ ಗೆರೆಯಲ್ಲಿ ದಿಬ್ಬದ ಕೊಯ್ದ ಅಂಚಿನವರೆಗೆ ಟೇಪು ಹಿಡಿದು, ತಾರೀಖಿನ ಜೊತೆ ಬರೆದಿಡಿ.

ಕಡಲಂಚು

ಖಂಡಿತ ಭೂರಚನೆ ಅವರೇ. ದಿಬ್ಬಕ್ಕೆ ನೇರವಾಗಿ ಎದುರಾಗಿರುವ ಒಂದು ಇಟ್ಟಿಗೆಯ ಶೆಡ್ ನೋಡಿದ ನೆನಪಿದೆ, ಅದರ ಈಶಾನ್ಯ ಮೂಲೆಯನ್ನು ಹಿಡಿಯುತ್ತೇನೆ. ಚಳಿಗಾಲದ ಬಿರುಗಾಳಿಗಳಿಗೆ ಮುಂಚೆ ಒಮ್ಮೆ, ಮಾರ್ಚಿನ ದೊಡ್ಡ ಉಬ್ಬರ ಇಳಿದ ಮೇಲೆ ಒಮ್ಮೆ ಅಳೆದು, ಎರಡು ಸಂಖ್ಯೆಗಳನ್ನೂ ಇದೇ ಚರ್ಚೆಯಲ್ಲಿ ಹಾಕುತ್ತೇನೆ. ಉಳ್ಳಾಲದವರೇ, ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ, ಟೇಪನ್ನೂ ತರುತ್ತೇನೆ.